ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ: ತಪಾಸಣೆಯ ಕಡತಗಳನ್ನು ಜನರ ಮುಂದಿಡಿ

ಗೆ,
ಅಧ್ಯಕ್ಷರು,
ಪರಮಾಣು ಶಕ್ತಿ ನಿಯಂತ್ರಣ ಮಂಡಳಿ,
ನಿಯಾಮಕ ಭವನ, ಅಣುಶಕ್ತಿನಗರ, ಮುಂಬೈ.

ಮಾನ್ಯರೇ,

ನಿಮ್ಮ ಮಂಡಳಿ ಹುಟ್ಟಿದ್ದು 1983ರ ನವೆಂಬರ್ 15ರಂದು, 1962ರ ಪರಮಾಣು ಶಕ್ತಿ ಕಾಯ್ದೆಯ ಅಡಿಯಲ್ಲಿ ಹೊರಡಿಸಿದ ಒಂದು ಆದೇಶದಿಂದ. ಆದೇಶದಿಂದ ಹುಟ್ಟಿದ್ದನ್ನು ಇನ್ನೊಂದು ಆದೇಶದಿಂದ ಮುಗಿಸಲೂಬಹುದಿತ್ತು. ಮಂಡಳಿ ವರದಿ ಒಪ್ಪಿಸುತ್ತಿದ್ದುದು ಪರಮಾಣು ಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರಗಳನ್ನು ಕಟ್ಟಿ ನಡೆಸುವ ಎನ್‌ಪಿಸಿಐಎಲ್ ಅದೇ ಇಲಾಖೆಯ ಕಂಪನಿ. ಹೀಗೆ ಪರೀಕ್ಷೆ ಬರೆಯುವವರೂ ಮೌಲ್ಯಮಾಪಕರೂ ಒಬ್ಬರೇ ಯಜಮಾನರ ಕೆಳಗೆ ನಾಲ್ಕು ದಶಕ ಕೆಲಸ ಮಾಡಿದರು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ, ‘ಶಾಂತಿ’ (SHANTI) ಎಂಬ ಕಿರುಹೆಸರಿನ ಹೊಸ ಪರಮಾಣು ಶಕ್ತಿ ಕಾಯ್ದೆ 1962ರ ಕಾಯ್ದೆಯನ್ನೂ 2010ರ ಪರಮಾಣು ಹೊಣೆಗಾರಿಕೆ ಕಾಯ್ದೆಯನ್ನೂ ತೆಗೆದುಹಾಕಿ, ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದು, ನಿಮ್ಮ ಮಂಡಳಿಗೆ ಶಾಸನದ ಬಲ ಕೊಟ್ಟಿದೆ.

ಇದು ಸಣ್ಣ ಬದಲಾವಣೆಯಲ್ಲ, ಸ್ವಾಗತಿಸುತ್ತೇವೆ. ಆದರೆ ಶಾಸನದಲ್ಲಿ ಹೆಸರು ಬಂದ ಮಾತ್ರಕ್ಕೆ ಮಂಡಳಿ ಸ್ವತಂತ್ರವಾಗುವುದಿಲ್ಲ. ತಾನು ಏನು ಕಂಡೆ, ಯಾವುದಕ್ಕೆ ಒಪ್ಪಲಿಲ್ಲ, ಯಾವ ಲೆಕ್ಕವನ್ನು ತಾನೇ ಮಾಡಿ ನೋಡಿದೆ ಎಂಬುದನ್ನು ಮಂಡಳಿ ಊರ ಮುಂದೆ ಇಡಬೇಕು. ಈ ಪತ್ರದ ಬೇಡಿಕೆ ಮುಖ್ಯವಾಗಿ ಅದೊಂದೇ. ಉಳಿದದ್ದು ಅದಕ್ಕೆ ಕಾರಣಗಳು. ಅವುಗಳಲ್ಲಿ ಹೆಚ್ಚಿನವು ನಮ್ಮದೇ ಸ್ಥಾವರಗಳಲ್ಲಿ ನಡೆದವು, ಎರಡು ಕೈಗಾದಲ್ಲೇ ನಡೆದವು.

ಮೊದಲು ಕೈಗಾದ ಗುಮ್ಮಟ. 1994ರ ಮೇ 13ರಂದು, ಕಟ್ಟಡ ಇನ್ನೂ ನಡೆಯುತ್ತಿದ್ದಾಗ, ಒಂದನೇ ಘಟಕದ ಒಳಗುಮ್ಮಟದ ತಳಪದರ ಕಳಚಿ ನೂರು ಟನ್ನಿಗೂ ಮೀರಿದ ಕಾಂಕ್ರೀಟ್ ಕೆಳಗೆ ಬಿತ್ತು. ಕಾರ್ಮಿಕರು ಗಾಯಗೊಂಡರು. ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಮಾತೇ ಇರಲಿಲ್ಲ. ಆದರೆ ಬಿದ್ದದ್ದು ಯಾವುದೋ ಗೋದಾಮಿನ ಸೂರಲ್ಲ. ಅಪಘಾತವಾದಾಗ ವಿಕಿರಣವನ್ನು ಒಳಗೇ ಹಿಡಿದಿಡಬೇಕಾದ ಕವಚವೇ ಅದು.

ಏಕೆ ಬಿತ್ತು? ಪ್ರೀಸ್ಟ್ರೆಸ್ ಮಾಡಿದ, ಅಂದರೆ ಕೇಬಲ್ ಬಿಗಿದು ಮೊದಲೇ ಒತ್ತಿ ಹಿಡಿದ ಗುಮ್ಮಟದೊಳಗೆ ಉಕ್ಕಿನ ಕೇಬಲ್‌ಗಳು ಡಕ್ಟ್ ಎಂಬ ಟೊಳ್ಳು ದಾರಿಗಳಲ್ಲಿ ಬಾಗಿಕೊಂಡು ಹಾಯ್ದಿರುತ್ತವೆ. ಜ್ಯಾಕ್ ಹಾಕಿ ಎಳೆದಾಗ ಬಾಗಿದ ಕೇಬಲ್ ನೆಟ್ಟಗಾಗಲು ಹೊರಡುತ್ತದೆ. ಆಗ ಚಿಪ್ಪಿನ ಮೈಗುಂಟ ಒತ್ತಡ ಬೀಳುವುದರ ಜೊತೆಗೆ ಅದರ ದಪ್ಪಕ್ಕೆ ಅಡ್ಡಲಾಗಿಯೂ ಒಂದು ಎಳೆತ ಹುಟ್ಟುತ್ತದೆ. ಈರುಳ್ಳಿಯ ಪದರ ಬಿಡಿಸಿದ ಹಾಗೆ ಕಾಂಕ್ರೀಟನ್ನು ಬಿಡಿಸಲು ನೋಡುವ ಎಳೆತ ಅದು. ಕಾಂಕ್ರೀಟಿಗೆ ಎಳೆತ ತಡೆಯುವ ಶಕ್ತಿ ಬಹಳ ಕಡಿಮೆ. ಡಕ್ಟ್‌ಗಳು ಒತ್ತೊತ್ತಾಗಿದ್ದ ಜಾಗದಲ್ಲಿ ಕಾಂಕ್ರೀಟ್ ಇನ್ನೂ ಕಡಿಮೆ. ಉಗಿ ಉತ್ಪಾದಕಗಳನ್ನು ಇಳಿಸಲು ಗುಮ್ಮಟದಲ್ಲಿ ದೊಡ್ಡ ಕಂಡಿಗಳನ್ನು ಬಿಟ್ಟಿದ್ದರಿಂದ ಕೇಬಲ್‌ಗಳು ಅವುಗಳ ಸುತ್ತ ಬಳಸಿಕೊಂಡು ಹೋಗಬೇಕಿತ್ತು, ದಟ್ಟಣೆ ಹೆಚ್ಚಿತು. ದಪ್ಪಕ್ಕೆ ಅಡ್ಡಲಾಗಿ ಹಾಕಬೇಕಾದ ಕಬ್ಬಿಣ, ಅಂದರೆ ಎರಡು ಮೈಗಳನ್ನೂ ಹಿಡಿದು ಕಟ್ಟುವ ಸರಳು, ಸಾಲುವಷ್ಟು ಇರಲಿಲ್ಲ. ಮತ್ತೆ ಕಟ್ಟುವಾಗ ಆ ಸರಳು ಸೇರಿತು, ಕಾಂಕ್ರೀಟಿನ ದರ್ಜೆ ಏರಿತು.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಗುಮ್ಮಟ ಹೀಗೆ ಪದರ ಬಿಡುವುದು ಲೋಕಕ್ಕೆ ಹೊಸದಾಗಿರಲಿಲ್ಲ. ಅಮೆರಿಕದ ಫ್ಲೋರಿಡಾದ ಕ್ರಿಸ್ಟಲ್ ರಿವರ್ ಸ್ಥಾವರದ ಗುಮ್ಮಟ 1976ರಲ್ಲೇ ಪದರ ಬಿಟ್ಟಿತ್ತು. ಹದಿನೆಂಟು ವರ್ಷ ಹಳೆಯ ಪಾಠ ನಮ್ಮ ನಕ್ಷೆಯನ್ನೂ ಮುಟ್ಟಲಿಲ್ಲ, ನಕ್ಷೆಯನ್ನು ನೋಡಿದ ಪರಿಶೀಲಕರನ್ನೂ ಮುಟ್ಟಲಿಲ್ಲ. ಅದೇ ಮಾದರಿಯ ಗುಮ್ಮಟ ರಾಜಸ್ಥಾನದ 3 ಮತ್ತು 4ನೇ ಘಟಕಗಳಿಗೂ ಇದ್ದುದರಿಂದ ಅವೂ ತಡವಾದವು. ಒಂದು ನಕ್ಷೆಯ ತಪ್ಪು ನಾಲ್ಕು ರಿಯಾಕ್ಟರುಗಳನ್ನು ಹಿಡಿದು ನಿಲ್ಲಿಸಿತು.

ಈಗ ಎಣಿಸಿ. 2017ರಲ್ಲಿ ಕೇಂದ್ರ ಸರ್ಕಾರ ಒಂದೇ ವಿನ್ಯಾಸದ 700 ಮೆಗಾವ್ಯಾಟಿನ ಹತ್ತು ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ರಿಯಾಕ್ಟರುಗಳಿಗೆ ಒಟ್ಟಿಗೇ ಮಂಜೂರಾತಿ ಕೊಟ್ಟಿತು. ಕೈಗಾ 5 ಮತ್ತು 6, ಹರಿಯಾಣದ ಗೋರಖಪುರ 3 ಮತ್ತು 4, ಮಧ್ಯಪ್ರದೇಶದ ಚುಟ್ಕಾ 1 ಮತ್ತು 2, ರಾಜಸ್ಥಾನದ ಮಾಹಿ ಬಾಂಸವಾಡದ ನಾಲ್ಕು. ಒಂದೇ ಅಚ್ಚಿನಲ್ಲಿ ಹತ್ತು ಕಟ್ಟಿದರೆ ಖರ್ಚು ಉಳಿಯುತ್ತದೆ, ಕೈ ಪಳಗುತ್ತದೆ, ಒಪ್ಪುತ್ತೇವೆ. ಆದರೆ ಅಚ್ಚಿನಲ್ಲಿ ದೋಷವಿದ್ದರೆ ಅದೂ ಹತ್ತು ಸಲ ಬರುತ್ತದೆ. ಈ ಮಾದರಿಯ ಮೊದಲ ಘಟಕವಾದ ಗುಜರಾತಿನ ಕಾಕ್ರಾಪಾರ್ 3ರಲ್ಲಿ ಸರಣಿ ಕ್ರಿಯೆ ಶುರುವಾದದ್ದು 2020ರ ಜುಲೈನಲ್ಲಿ, ವಾಣಿಜ್ಯ ಉತ್ಪಾದನೆ ಶುರುವಾದದ್ದು 2023ರ ಜೂನ್ ಕೊನೆಗೆ. ಸುಮಾರು ಮೂರು ವರ್ಷ. ಆ ಮೂರು ವರ್ಷದಲ್ಲಿ ಏನೇನು ಸರಿಪಡಿಸಿದರು, ಕೈಗಾದ ನಕ್ಷೆಯಲ್ಲಿ ಅದರಿಂದ ಯಾವ ಯಾವ ಹಾಳೆ ಬದಲಾಯಿತು ಎಂಬ ಪಟ್ಟಿಯನ್ನು ಮಂಡಳಿ ಪ್ರಕಟಿಸಬೇಕು. ಇದು ಮುಚ್ಚಿಡುವ ಗುಟ್ಟಲ್ಲ. ಗುಟ್ಟಾಗಿರಬೇಕಾದದ್ದು ಇಂಧನದ ಸಾಗಾಟದ ವೇಳೆ, ಕಾವಲಿನ ಏರ್ಪಾಟು, ಗೇಟಿನ ಸಂಕೇತ. ಪರೀಕ್ಷೆಗೆಂದು ಎರೆದ ಕಾಂಕ್ರೀಟಿನ ಕ್ಯೂಬ್ 28ನೇ ದಿನ ಎಷ್ಟು ಭಾರ ತಡೆಯಿತು, ಕೇಬಲ್ ಎಳೆದಾಗ ಲೆಕ್ಕಕ್ಕೆ ತಕ್ಕಷ್ಟು ಹಿಗ್ಗಿತೇ ಇಲ್ಲವೇ ಎಂಬುದನ್ನು ಮುಚ್ಚಿಟ್ಟರೆ ದೇಶದ ಭದ್ರತೆಗೆ ಯಾವ ಲಾಭವೂ ಇಲ್ಲ.

ನಿಮ್ಮ ಒಪ್ಪಿಗೆಗಳು ಹಂತ ಹಂತವಾಗಿ ಬರುತ್ತವೆ: ಮೊದಲು ಜಾಗಕ್ಕೆ, ಆಮೇಲೆ ಅಗೆತಕ್ಕೆ, ಮೊದಲ ಕಾಂಕ್ರೀಟಿಗೆ, ದೊಡ್ಡ ಯಂತ್ರಗಳ ಜೋಡಣೆಗೆ, ಇಂಧನ ತುಂಬಲು, ಸರಣಿ ಕ್ರಿಯೆಗೆ, ಕೊನೆಗೆ ಮೆಟ್ಟಿಲು ಮೆಟ್ಟಿಲಾಗಿ ಶಕ್ತಿ ಏರಿಸಲು. ಪದ್ಧತಿ ಒಳ್ಳೆಯದು. ಆದರೆ ಪ್ರತಿ ಮೆಟ್ಟಿಲಲ್ಲೂ ಹೊರಗಿನವರಿಗೆ ಸಿಗುವುದು ಒಪ್ಪಿಗೆ ಕೊಟ್ಟ ಸುದ್ದಿ ಮಾತ್ರ. ಯಾವ ಷರತ್ತು ಹಾಕಿದಿರಿ, ಹಿಂದಿನ ಮೆಟ್ಟಿಲಿನ ಯಾವ ಷರತ್ತು ಬಾಕಿ ಉಳಿದಿತ್ತು, ಅದಕ್ಕೆ ಎಷ್ಟು ದಿನದ ಗಡುವು ಕೊಟ್ಟಿರಿ ಎಂಬುದೂ ಒಪ್ಪಿಗೆಯ ದಿನವೇ ಜಾಲತಾಣದಲ್ಲಿ ಬರಲಿ.

ಎರಡನೆಯದು ಉತ್ತರ ಪ್ರದೇಶದ ನರೋರಾ ಸ್ಥಾವರ. 1993ರ ಮಾರ್ಚ್ 31ರ ನಸುಕಿನಲ್ಲಿ ಒಂದನೇ ಘಟಕದ ಟರ್ಬೈನಿನ ಕಡಿಮೆ ಒತ್ತಡದ ಭಾಗದ ಕೊನೆಯ ಸಾಲಿನಲ್ಲಿ ಎರಡು ಬ್ಲೇಡುಗಳು ಮುರಿದವು. ತೂಕ ತಪ್ಪಿದ ಚಕ್ರ ಕಂಪಿಸಿತು, ಜನರೇಟರಿನ ಸೀಲುಗಳು ಹರಿದವು, ತಂಪಿಗೆಂದು ತುಂಬಿದ್ದ ಹೈಡ್ರೋಜನ್ ಹೊರಬಂದು ಹೊತ್ತಿಕೊಂಡಿತು, ಎಣ್ಣೆಯೂ ಸೇರಿತು. ಬೆಂಕಿ ಕೇಬಲ್ ಟ್ರೇಗಳನ್ನು ಹಿಡಿದು ಓಡಿತು. ಮುಖ್ಯ ಪೂರೈಕೆಯ ಕೇಬಲ್ಲೂ ತುರ್ತು ಪೂರೈಕೆಯ ಕೇಬಲ್ಲೂ ಬೆಂಕಿತಡೆ ಇಲ್ಲದೆ ಒಂದೇ ಹಾದಿಯಲ್ಲಿದ್ದುದರಿಂದ ಎಲ್ಲವೂ ಒಟ್ಟಿಗೆ ಸುಟ್ಟವು. ಡೀಸೆಲ್ ಜನರೇಟರುಗಳಿದ್ದರೂ ಅವುಗಳ ವಿದ್ಯುತ್ ಪಂಪಿಗೆ ತಲುಪುವ ದಾರಿ ಇರಲಿಲ್ಲ. ಸುಮಾರು 17 ಗಂಟೆ ಸ್ಥಾವರ ಪೂರ್ತಿ ಕತ್ತಲು. ನಿಯಂತ್ರಣ ಕೊಠಡಿಗೆ ಹೊಗೆ ತುಂಬಿತು. ಸಿಬ್ಬಂದಿ ಟಾರ್ಚ್ ಹಿಡಿದು ಹೋಗಿ ಕೈಯಿಂದಲೇ ಕವಾಟ ತೆರೆದು, ಸರಣಿ ಕ್ರಿಯೆಯನ್ನು ತಡೆಯುವ ಬೋರಾನ್ ದ್ರಾವಣವನ್ನು ರಿಯಾಕ್ಟರಿಗೆ ಇಳಿಸಿದರು. ಡೀಸೆಲ್ಲಿನಿಂದ ಓಡುವ ಅಗ್ನಿಶಾಮಕ ಪಂಪುಗಳಿಂದ ಉಗಿ ಉತ್ಪಾದಕಗಳಿಗೆ ನೀರು ಕೊಟ್ಟರು. ಬಿಸಿ ಭಾರಜಲ ತಾನಾಗಿ ಮೇಲೇರಿ, ತಣಿದು ಇಳಿಯುವ ಸಹಜ ಪರಿಚಲನೆ ಉಳಿದ ಕೆಲಸ ಮಾಡಿತು. ಆ ಸಿಬ್ಬಂದಿಯ ಕೆಲಸಕ್ಕೆ ದೇಶ ಇನ್ನೂ ಸರಿಯಾಗಿ ಕೃತಜ್ಞತೆ ಹೇಳಿಲ್ಲ.

ಕೇಬಲ್‌ಗಳನ್ನು ಬೇರೆ ಬೇರೆ ಹಾದಿಯಲ್ಲಿ ಒಯ್ಯಬೇಕೆಂಬ ಪಾಠ ಅಮೆರಿಕದ ಬ್ರೌನ್ಸ್ ಫೆರಿಯಲ್ಲಿ 1975ರ ಮಾರ್ಚ್ 22ರ ಬೆಂಕಿಯಿಂದಲೇ ಜಗತ್ತಿಗೆ ಸಿಕ್ಕಿತ್ತು. ಅಲ್ಲಿ ಗಾಳಿ ಸೋರುವ ಸಂದು ಹುಡುಕಲು ಹಿಡಿದ ಮೇಣದಬತ್ತಿಯೇ ಕಿಡಿ. ನರೋರಾದ ಬ್ಲೇಡಿನ ಬಗ್ಗೆಯೂ ತಯಾರಕರ ಕಡೆಯಿಂದ ಮುನ್ಸೂಚನೆ ಮೊದಲೇ ಬಂದಿತ್ತೆಂದು 1993ರಿಂದ 1996ರವರೆಗೆ ನಿಮ್ಮ ಕುರ್ಚಿಯಲ್ಲಿದ್ದ ಎ. ಗೋಪಾಲಕೃಷ್ಣನ್ ಬರೆದಿದ್ದಾರೆ. ಅವರ ಅವಧಿಯಲ್ಲೇ, 1995ರಲ್ಲಿ, ಮಂಡಳಿ ದೇಶದ ಪರಮಾಣು ಘಟಕಗಳಲ್ಲಿ ಬಗೆಹರಿಯದ ಸುಮಾರು 130 ಸುರಕ್ಷತಾ ವಿಷಯಗಳ ಪಟ್ಟಿ ಮಾಡಿತು. ಆ ಪಟ್ಟಿಯಲ್ಲಿ ಯಾವುದು ಯಾವ ವರ್ಷ ಮುಗಿಯಿತು ಎಂದು ಸಾಲು ಸಾಲಾಗಿ ತೋರಿಸುವ ಒಂದು ಸಾರ್ವಜನಿಕ ದಾಖಲೆ ಬೇಕು. ಮೂವತ್ತು ವರ್ಷದ ಹಿಂದಿನ ಪಟ್ಟಿಯನ್ನು ಪ್ರಕಟಿಸಲು ಇಂದು ಯಾವ ಅಡ್ಡಿ ಇದೆ?

ಮೂರನೆಯದು ಪ್ರೆಷರ್ ಟ್ಯೂಬ್, ಅಂದರೆ ಇಂಧನ ಕೂರುವ ಒತ್ತಡದ ಕೊಳವೆ. ಕೈಗಾದ ಈಗಿನ ನಾಲ್ಕೂ ಘಟಕಗಳ ಬಗ್ಗೆ ಯೋಚಿಸುವವರು ಇದನ್ನು ಅರ್ಥಮಾಡಿಕೊಂಡರೆ ಅರ್ಧ ವಿಷಯ ತಿಳಿದಂತೆ. 220 ಮೆಗಾವ್ಯಾಟಿನ ಒಂದು ಘಟಕದಲ್ಲಿ 306 ಅಡ್ಡ ಕೊಳವೆಗಳು. ಪ್ರತಿಯೊಂದೂ ಜಿರ್ಕೋನಿಯಂ ಮತ್ತು ಶೇ 2.5 ನಿಯೋಬಿಯಂ ಬೆರೆತ ಲೋಹದ್ದು. ಒಳಗೆ ಇಂಧನದ 12 ಕಟ್ಟುಗಳು, ಸುತ್ತ ಹರಿಯುವ ಭಾರಜಲ ಸುಮಾರು 290 ಡಿಗ್ರಿ ಸೆಲ್ಸಿಯಸ್ ಬಿಸಿ, ವಾತಾವರಣದ 80 ಪಟ್ಟಿಗೂ ಹೆಚ್ಚು ಒತ್ತಡ. ಇದರ ಹೊರಗೆ ಇನ್ನೊಂದು ತಣ್ಣಗಿನ ಕೊಳವೆ, ಕ್ಯಾಲಾಂಡ್ರಿಯಾ ಟ್ಯೂಬ್. ಇವೆರಡರ ನಡುವಿನ ಸಂದಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹರಿಯುತ್ತದೆ, ಎರಡೂ ಒಂದಕ್ಕೊಂದು ತಾಗದಂತೆ ಸುರುಳಿ ಸ್ಪ್ರಿಂಗುಗಳು ಹಿಡಿದಿರುತ್ತವೆ.

ಕೆಡುವುದು ಹೇಗೆ? ವರ್ಷ ಕಳೆದಂತೆ ಒಳಕೊಳವೆ ಭಾರಜಲದಿಂದ ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಹೀರಿಕೊಳ್ಳುತ್ತದೆ, ಬಿಸಿ ಮತ್ತು ನ್ಯೂಟ್ರಾನ್ ಹೊಡೆತಕ್ಕೆ ಉದ್ದವಾಗುತ್ತದೆ, ಜೋತುಬೀಳುತ್ತದೆ. ಸ್ಪ್ರಿಂಗ್ ಜಾಗ ಬಿಟ್ಟರೆ ಒಳಕೊಳವೆ ತಣ್ಣಗಿನ ಹೊರಕೊಳವೆಗೆ ತಾಗುತ್ತದೆ. ತಾಗಿದ ತಣ್ಣನೆಯ ಬಿಂದುವಿಗೆ ಹೈಡ್ರೈಡ್ (ಲೋಹಕ್ಕೆ ಹೈಡ್ರೋಜನ್ ಸೇರಿ ಆದದ್ದು) ಬಂದು ಕೂಡಿ ಗುಳ್ಳೆಯಾಗುತ್ತದೆ. ಗುಳ್ಳೆ ಪೆಡಸು, ಬಿರುಕು ಅಲ್ಲಿಂದ ಹೊರಡುತ್ತದೆ. ಕೆನಡಾದ ಪಿಕರಿಂಗ್ 2ನೇ ಘಟಕದಲ್ಲಿ 1983ರ ಆಗಸ್ಟ್‌ನಲ್ಲಿ ಹಿಂದಿನ ಬಗೆಯ ಮಿಶ್ರಲೋಹದ ಕೊಳವೆಯೊಂದು ಹೀಗೇ ಉದ್ದಕ್ಕೆ ಸೀಳಿತು. ಅದಕ್ಕೇ ಕೊಳವೆಯೊಳಗೆ ಅಲ್ಟ್ರಾಸಾನಿಕ್ ತಲೆ ಕಳಿಸಿ ಬಿರುಕು ನೋಡುವುದು, ಸ್ಪ್ರಿಂಗ್ ಎಲ್ಲಿದೆ ಎಂದು ಅಳೆಯುವುದು, ಒಳಮೈಯಿಂದ ತೆಳುವಾದ ಸಿಬಿರು ಕೆರೆದು ಡ್ಯೂಟೀರಿಯಂ ಎಷ್ಟಿದೆ ಎಂದು ಪರೀಕ್ಷಿಸುವುದು. ಈ ಕೆಲಸಕ್ಕೆ ರಿಯಾಕ್ಟರ್ ನಿಲ್ಲಲೇಬೇಕು. ಭಾರಜಲ ರಿಯಾಕ್ಟರಿಗೆ ಓಡುತ್ತಿರುವಾಗಲೇ ಇಂಧನ ಬದಲಿಸಬಹುದಾದ್ದರಿಂದ ಇಂಧನಕ್ಕಾಗಿ ಅದನ್ನು ನಿಲ್ಲಿಸುವ ಪ್ರಮೇಯವಿಲ್ಲ. ನಿಲ್ಲಿಸಬೇಕಾಗುವುದು ಹೆಚ್ಚಾಗಿ ತಪಾಸಣೆ ಮತ್ತು ದುರಸ್ತಿಗೆ.

ಕೈಗಾ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ನಡೆಸಿದವರಿಗೆ ಹೆಮ್ಮೆಯ ಸಂಗತಿ, ಹೆಮ್ಮೆಪಡಲಿ. ನಿಯಂತ್ರಕರು ಆ ಸಂಭ್ರಮದಲ್ಲಿ ಪಾಲುದಾರರಾಗಬಾರದು. ನೀವು ಕೇಳಬೇಕಾದದ್ದು ಬೇರೆ: ನಿಲ್ಲಿಸಿದಾಗ ಎಷ್ಟು ಕೊಳವೆ ನೋಡಿದರು, ಯಾವ ಸಾಲಿನವು, ಸ್ಪ್ರಿಂಗ್ ಎಷ್ಟು ಸರಿದಿತ್ತು. ಕೈಗಾ 1 ಮತ್ತು 2 ಉತ್ಪಾದನೆಗೆ ಬಂದದ್ದು 2000ದಲ್ಲಿ, ಎರಡೂ 25 ವರ್ಷ ದಾಟಿವೆ. ಕಾರವಾರ, ಯಲ್ಲಾಪುರ, ಅಂಕೋಲೆಯ ಜನರಿಗೆ ಈ ಉತ್ತರಗಳು ತಲುಪಬೇಕು.

ಕೊಳವೆ ಒಳಗಿನಿಂದ ಮಾತ್ರ ಕೆಡುತ್ತದೆಂಬ ನಂಬಿಕೆಯನ್ನು ಗುಜರಾತಿನ ಕಾಕ್ರಾಪಾರ್ ಮುರಿಯಿತು. 2015ರ ಜುಲೈ 1ರಂದು ಎರಡನೇ ಘಟಕದಲ್ಲಿ, 2016ರ ಮಾರ್ಚ್ 11ರಂದು ಒಂದನೇ ಘಟಕದಲ್ಲಿ ಪ್ರೆಷರ್ ಟ್ಯೂಬ್ ಸೋರಿತು. ಒಂದನೇ ಘಟಕದ ಕೊಳವೆಗಳೆಲ್ಲ ಹೊಸದಾಗಿ ಬದಲಾಯಿಸಿದವು, ಮತ್ತೆ ಓಡಲು ಶುರುವಾಗಿ ಐದು ವರ್ಷವಷ್ಟೇ ಆಗಿತ್ತು. ತೆಗೆದು ನೋಡಿದಾಗ ಹೊರಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ತುಕ್ಕು. ಅನುಮಾನ ಹೋದದ್ದು ಸಂದಿನಲ್ಲಿ ಹರಿಯುವ ಕಾರ್ಬನ್ ಡೈಆಕ್ಸೈಡಿನ ಕಲ್ಮಶದ ಕಡೆಗೆ. ಕೋಟಿಗಟ್ಟಲೆ ಬೆಲೆಯ ಕೊಳವೆಗಳ ಆಯುಷ್ಯವನ್ನು ಸಿಲಿಂಡರಿನಲ್ಲಿ ಬರುವ ಅಗ್ಗದ ಅನಿಲ ತೀರ್ಮಾನಿಸಿತು. ಎರಡೂ ಘಟಕಗಳು ಮತ್ತೆ ಓಡಿದ್ದು 2018 ಮತ್ತು 2019ರಲ್ಲಿ.

ಈ ಸಂದಿನ ಅನಿಲಕ್ಕೆ ಇನ್ನೊಂದು ಕೆಲಸವೂ ಇದೆ. ಕೊಳವೆ ಸಣ್ಣಗೆ ಸೋರಿದರೆ ಅನಿಲದ ತೇವ ಏರುತ್ತದೆ, ಇಬ್ಬನಿ ಬಿಂದುವಿನ (ಅನಿಲದ ತೇವ ಹನಿಗಟ್ಟುವ ಉಷ್ಣತೆಯ) ಮಾಪಕ ಅದನ್ನು ತೋರಿಸುತ್ತದೆ, ಕೊಳವೆ ಒಡೆಯುವ ಮೊದಲು ರಿಯಾಕ್ಟರ್ ನಿಲ್ಲಿಸಬಹುದು. ಒಡೆಯುವ ಮುನ್ನ ಸೋರಬೇಕು, ಸೋರಿದ್ದು ಕಾಣಬೇಕು. ಈ ಬಗೆಯ ರಿಯಾಕ್ಟರಿನ ಸುರಕ್ಷತೆಯ ವಾದ ನಿಂತಿರುವುದೇ ಇದರ ಮೇಲೆ. ಹಾಗಾಗಿ ಕಾಕ್ರಾಪಾರಿನ ಎರಡೂ ಘಟನೆಗಳಲ್ಲಿ ಇಬ್ಬನಿ ಬಿಂದುವಿನ ಮಾಪಕ ಗಂಟೆಗಂಟೆಗೆ ತೋರಿಸಿದ ಅಂಕಿಗಳನ್ನೂ, ಈಗ ಕೈಗಾ ಸೇರಿದಂತೆ ಎಲ್ಲ ಸ್ಥಾವರಗಳಿಗೆ ಬರುವ ಕಾರ್ಬನ್ ಡೈಆಕ್ಸೈಡಿಗೆ ವಿಧಿಸಿರುವ ಶುದ್ಧತೆಯ ಮಿತಿಯನ್ನೂ ಬಹಿರಂಗಪಡಿಸಿ. ಸಿಲಿಂಡರ್ ಬಂದಾಗ ಸರಬರಾಜುದಾರರ ಪ್ರಮಾಣಪತ್ರ ನೋಡಿ ಒಳಗೆ ಬಿಡುತ್ತಾರೋ, ಸ್ಥಾವರದ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸುತ್ತಾರೋ? ತಪಾಸಕರು ಕೇಳಬೇಕಾದ ಪ್ರಶ್ನೆ ಇಷ್ಟು ಸಣ್ಣದೇ ಆಗಿರುತ್ತದೆ.

ಸಣ್ಣ ಸಂಗತಿಗಳ ಮಾತು ಬಂದಾಗ ಕೈಗಾದ ಕುಡಿಯುವ ನೀರಿನ ಕೂಲರ್ ನೆನಪಾಗಲೇಬೇಕು. 2009ರ ನವೆಂಬರಿನಲ್ಲಿ ಕಾರ್ಮಿಕರ ಮೂತ್ರದ ಮಾಮೂಲಿ ಪರೀಕ್ಷೆಯಲ್ಲಿ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಏರಿದ್ದು ಕಂಡಿತು. ಹುಡುಕಿದಾಗ ಯಾರೋ ಬೇಕೆಂದೇ ಕೂಲರಿಗೆ ಟ್ರಿಟಿಯಂ ಇರುವ ಭಾರಜಲ ಸೇರಿಸಿದ್ದು ಗೊತ್ತಾಯಿತು. ಐವತ್ತಕ್ಕೂ ಹೆಚ್ಚು ಜನ ಆ ನೀರು ಕುಡಿದಿದ್ದರು. ಟ್ರಿಟಿಯಂ ನೀರಿನ ರೂಪದಲ್ಲೇ ಇರುವುದರಿಂದ ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧ ಕೊಟ್ಟು ಬೇಗ ಹೊರಹಾಕಬಹುದು. ಇಲ್ಲವಾದರೆ ಸುಮಾರು ಹತ್ತು ದಿನಕ್ಕೆ ದೇಹದಲ್ಲಿರುವುದು ಅರ್ಧವಾಗುತ್ತದೆ. ಮೂತ್ರ ಪರೀಕ್ಷೆಯ ವ್ಯವಸ್ಥೆ ಕೆಲಸ ಮಾಡಿತು, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಮಾದರಿಗೆಂದು ತೆಗೆದ ಭಾರಜಲದ ಶೀಶೆ ಎಷ್ಟು, ಪ್ರಯೋಗಾಲಯಕ್ಕೆ ತಲುಪಿದ್ದೆಷ್ಟು, ಮರಳಿದ್ದೆಷ್ಟು ಎಂಬ ಲೆಕ್ಕದ ಪುಸ್ತಕ ಮಾತ್ರ ಕೆಲಸ ಮಾಡಲಿಲ್ಲ. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಇಂಥ ಲೆಕ್ಕ ಇನ್ನೂ ಮುಖ್ಯ. ವಿಕಿರಣ ಕೆಲಸಗಾರರಿಗೆ ನಿಮ್ಮ ಮಿತಿ ಐದು ವರ್ಷದಲ್ಲಿ 100 ಮಿಲಿಸೀವರ್ಟ್ (ದೇಹಕ್ಕೆ ತಗಲಿದ ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಗುತ್ತಿಗೆಯವರು ಒಂದು ಸ್ಥಾವರದ ಶಟ್‌ಡೌನ್ ಮುಗಿಸಿ ಮುಂದಿನದಕ್ಕೆ ಹೋಗುವವರು. ಅವರ ಡೋಸಿನ ಚೀಟಿ ಅವರ ಕೈಗೆ, ಅವರು ಓದುವ ಭಾಷೆಯಲ್ಲಿ, ಕೆಲಸ ಬಿಟ್ಟ ದಿನವೇ ಸಿಗಬೇಕು.

ಇನ್ನು ದಂಡದ ವಿಷಯ. 2012ರಲ್ಲಿ ನಿಮ್ಮ ಮಂಡಳಿಯ ಬಗ್ಗೆ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ ಕೊಟ್ಟ ವರದಿ ಹಳೆಯ ಕಾಯ್ದೆಯ ದಂಡ 500 ರೂಪಾಯಿ ಎಂದು ಬೊಟ್ಟುಮಾಡಿತ್ತು. ದೇಶದ ವೈದ್ಯಕೀಯ ಎಕ್ಸ್‌-ರೇ ಘಟಕಗಳಲ್ಲಿ ಸುಮಾರು ಶೇ 90 ನೋಂದಣಿಯೇ ಇಲ್ಲದೆ ನಡೆಯುತ್ತಿವೆ ಎಂದೂ ಅದೇ ವರದಿ ಹೇಳಿತು. ಹೊಸ ಕಾಯ್ದೆಯ ಗರಿಷ್ಠ ದಂಡ ಒಂದು ಕೋಟಿ ರೂಪಾಯಿ. ಲೆಕ್ಕ ಹಾಕಿ: 700 ಮೆಗಾವ್ಯಾಟಿನ ಘಟಕ ಪೂರ್ಣ ಶಕ್ತಿಯಲ್ಲಿ ಗಂಟೆಗೆ 7 ಲಕ್ಷ ಯೂನಿಟ್ ಕೊಡುತ್ತದೆ. ಯೂನಿಟ್ಟಿಗೆ 4 ರೂಪಾಯಿ ಎಂದು ಹಿಡಿದರೂ ಗಂಟೆಗೆ 28 ಲಕ್ಷ. ಅಂದರೆ ಕಾನೂನಿನ ಅತಿ ದೊಡ್ಡ ದಂಡ ನಾಲ್ಕು ಗಂಟೆಯ ಆದಾಯಕ್ಕೂ ಸಮವಿಲ್ಲ. ತಪಾಸಣೆಗೆ ಎರಡು ವಾರ ನಿಲ್ಲಿಸುವುದಕ್ಕಿಂತ ದಂಡ ಕಟ್ಟುವುದು ಅಗ್ಗ ಎಂಬ ಲೆಕ್ಕ ಯಾವ ಖಾಸಗಿ ಕಂಪನಿಯ ಹಣಕಾಸು ವಿಭಾಗಕ್ಕೂ ಹೊಳೆಯುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವ ನಿಜವಾದ ಅಸ್ತ್ರ ದಂಡವಲ್ಲ, ನಿಲ್ಲಿಸುವ ಆದೇಶ. ಜಪಾನಿನಲ್ಲಿ ಫುಕುಶಿಮಾಕ್ಕೆ ಮೊದಲು ಸುರಕ್ಷತಾ ಸಂಸ್ಥೆ ಇದ್ದದ್ದು ಅಣುಶಕ್ತಿಯನ್ನು ಬೆಳೆಸುವ ಸಚಿವಾಲಯದ ಅಡಿಯಲ್ಲೇ. 2012ರ ಸೆಪ್ಟೆಂಬರಿನಲ್ಲಿ ಅದನ್ನು ಬಿಡಿಸಿ ಹೊಸ ಪ್ರಾಧಿಕಾರ ಮಾಡಿದರು. ಆ ಪ್ರಾಧಿಕಾರ 2024ರ ನವೆಂಬರಿನಲ್ಲಿ ತ್ಸುರುಗಾ 2ನೇ ಘಟಕದ ಅಡಿಯಲ್ಲಿ ಸಕ್ರಿಯ ಭೂಸ್ತರಭಂಗ ಇರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದೆಂದು ಮರುಚಾಲನೆಗೆ ಇಲ್ಲ ಎಂದಿತು. ಕಾರಣಗಳನ್ನು ಜನರ ಮುಂದಿಟ್ಟೇ ಇಲ್ಲ ಎಂದಿತು.

ನಿಲ್ಲಿಸುವ ಗಟ್ಟಿತನ ಬರುವುದು ನೇಮಕದ ದಾರಿಯಿಂದ. ಹೊಸ ಕಾಯ್ದೆಯಲ್ಲಿ ಮಂಡಳಿಯ ಅಧ್ಯಕ್ಷರನ್ನೂ ಸದಸ್ಯರನ್ನೂ ಹುಡುಕಿ ಆಯುವ ಸಮಿತಿಯನ್ನು ರಚಿಸುವುದು ಮತ್ತೆ ಪರಮಾಣು ಶಕ್ತಿ ಆಯೋಗವೇ. ಭಾರತ 2005ರಲ್ಲಿ ಸ್ಥಿರೀಕರಿಸಿದ ಅಂತರರಾಷ್ಟ್ರೀಯ ಪರಮಾಣು ಸುರಕ್ಷತಾ ಒಡಂಬಡಿಕೆಯ 8ನೇ ವಿಧಿ ನಿಯಂತ್ರಿಸುವವರೂ ಬೆಳೆಸುವವರೂ ಪರಿಣಾಮಕಾರಿಯಾಗಿ ಬೇರೆಯಾಗಿರಬೇಕೆನ್ನುತ್ತದೆ. 2015ರ ಮಾರ್ಚಿನಲ್ಲಿ ಬಂದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಂಡವೂ ಮಂಡಳಿಯ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ಭದ್ರಪಡಿಸಿ ಎಂದು ಸರ್ಕಾರಕ್ಕೂ, ಸ್ಥಳ ತಪಾಸಣೆ ಹೆಚ್ಚಿಸಿ ಎಂದು ನಿಮಗೂ ಹೇಳಿತ್ತು. ಕಾಯ್ದೆಯ ಈ ಕಲಮನ್ನು ಬದಲಿಸುವುದು ಸಂಸತ್ತಿನ ಕೆಲಸ, ನಿಮ್ಮದಲ್ಲ ಎಂದು ಬಲ್ಲೆವು. ಆದರೆ ಅದು ಬದಲಾಗಬೇಕೆಂದು ಮಂಡಳಿಯೇ ತನ್ನ ವಾರ್ಷಿಕ ವರದಿಯಲ್ಲಿ ಬರೆದರೆ ಆ ಮಾತಿಗೆ ತೂಕ ಬರುತ್ತದೆ.

ಲೆಕ್ಕ ಮಾಡಿ ನೋಡುವ ಶಕ್ತಿಯೂ ನಿಮ್ಮದೇ ಆಗಿರಬೇಕು. ಕಲ್ಪಾಕ್ಕಂನಲ್ಲಿ ಮಂಡಳಿಯ ಸುರಕ್ಷತಾ ಸಂಶೋಧನಾ ಸಂಸ್ಥೆ 1999ರಿಂದ ಇದೆ, ಒಳ್ಳೆಯ ಬುನಾದಿ. ಆದರೂ ಕಷ್ಟದ ವಿಶ್ಲೇಷಣೆಗೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ತಜ್ಞರನ್ನು ಅವಲಂಬಿಸುವ ರೂಢಿ ಹೋಗಿಲ್ಲ. ಆ ತಜ್ಞರ ಪ್ರಾಮಾಣಿಕತೆಯ ಬಗ್ಗೆ ನಮಗೆ ಅನುಮಾನವಿಲ್ಲ, ಅವರ ಇಲಾಖೆಯೂ ಪರವಾನಗಿ ಪಡೆಯುವವರ ಇಲಾಖೆಯೂ ಒಂದೇ ಎಂಬುದಷ್ಟೇ ತೊಡಕು. ಸ್ಥಾವರಗಳ ಸುತ್ತ ಮಣ್ಣು, ನೀರು, ಹಾಲು, ಮೀನು ಅಳೆಯುವ ಪರಿಸರ ಪ್ರಯೋಗಾಲಯಗಳೂ ಆ ಕೇಂದ್ರದವೇ. ಕೈಗಾದಲ್ಲಿ ಇದಕ್ಕೆ ಪರಿಹಾರ ದೂರವಿಲ್ಲ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣ ಅಧ್ಯಯನಕ್ಕೆಂದೇ ಒಂದು ಕೇಂದ್ರವಿದೆ, ಟ್ರಿಟಿಯಂ ಅಳೆಯಬಲ್ಲ ಜನ ಅಲ್ಲಿದ್ದಾರೆ. ಕದ್ರಾ ಜಲಾಶಯದ ನೀರಿನ ಮಾದರಿಯನ್ನು ಒಂದೇ ದಿನ ಒಂದೇ ಜಾಗದಲ್ಲಿ ಎರಡು ಬಾಟಲಿಗೆ ತುಂಬಿ, ಒಂದನ್ನು ಕೈಗಾದ ಪ್ರಯೋಗಾಲಯಕ್ಕೂ ಇನ್ನೊಂದನ್ನು ಮಂಡಳಿಯ ಹಣದಲ್ಲಿ ವಿಶ್ವವಿದ್ಯಾಲಯಕ್ಕೂ ಕಳಿಸಿ, ಎರಡೂ ಅಂಕಿಗಳನ್ನು ಅಕ್ಕಪಕ್ಕ ಪ್ರಕಟಿಸಿ.

ಕೊನೆಯದು, ಮಳೆಗಾಲದ ಮಾತು. ತುರ್ತು ಯೋಜನೆಯ ವಲಯ ಸ್ಥಾವರದಿಂದ 16 ಕಿಲೋಮೀಟರ್. ಸ್ಥಾವರದ ಹೊರಗಿನ ತುರ್ತುಸ್ಥಿತಿಗೆ ಹೊಣೆ ಉತ್ತರ ಕನ್ನಡದ ಜಿಲ್ಲಾಧಿಕಾರಿಯದು. ಹೊರಗಿನ ಅಣಕು ಕಾರ್ಯಾಚರಣೆ ಎರಡು ವರ್ಷಕ್ಕೊಮ್ಮೆ ನಡೆಯಬೇಕೆಂಬುದು ನಿಮ್ಮ ನಿಯಮ. ಅದು ನಡೆಯುವ ದಿನವನ್ನು ದಯವಿಟ್ಟು ಜುಲೈಗೆ ತನ್ನಿ. 2021ರ ಜುಲೈ ಮಳೆಯಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಹಳ್ಳಿಗಳಿಗೆ ಕಾಳಿ ನದಿ ನುಗ್ಗಿತು; ಅದೇ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಘಟ್ಟ ಹತ್ತುವ ದಾರಿಯೂ ಕರಾವಳಿಗಿಳಿಯುವ ದಾರಿಯೂ ಒಟ್ಟಿಗೆ ಕಡಿದುಹೋದರೆ ಮಲ್ಲಾಪುರ, ಕದ್ರಾದ ಜನ ಯಾವ ಕಡೆಗೆ ಹೊರಡಬೇಕು? ಹೊರಡದೆ ಮನೆಯೊಳಗೇ ಬಾಗಿಲು ಕಿಟಕಿ ಮುಚ್ಚಿ ಉಳಿಯುವುದೇ ಮೇಲಾದರೆ ಎಷ್ಟು ಹೊತ್ತು? ಕಾಳಿಯಲ್ಲಿ ಮೇಲೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕೆಳಗೆ ಕದ್ರಾ ಅಣೆಕಟ್ಟುಗಳಿವೆ. ಸ್ಥಾವರ ನಡುವೆ ಇದೆ. ಮೇಲಿನದು ಒಡೆದರೆ ಸಾಲಾಗಿ ಬರುವ ನೀರಿನ ಮಟ್ಟವನ್ನು ಲೆಕ್ಕ ಹಾಕಿದ್ದರೆ, ಆ ಅಂಕಿಯನ್ನೂ ಡೀಸೆಲ್ ಜನರೇಟರುಗಳು ಕೂತಿರುವ ಎತ್ತರವನ್ನೂ ಒಂದೇ ಪುಟದಲ್ಲಿ ಪ್ರಕಟಿಸಿ. ಫುಕುಶಿಮಾದಲ್ಲಿ ಡೀಸೆಲ್ ಜನರೇಟರುಗಳು ಇದ್ದವು, ಇದ್ದ ಜಾಗಕ್ಕೆ ನೀರು ಬಂತು.

ಅಯೋಡಿನ್ ಮಾತ್ರೆಯ ವಿಷಯದಲ್ಲೂ ಹೀಗೇ. ವಿಕಿರಣದ ಅಯೋಡಿನ್ ಗಾಳಿಗೆ ಬಂದರೆ ಥೈರಾಯ್ಡ್ ಅದನ್ನು ಹೀರುವ ಮೊದಲು ಮಾಮೂಲಿ ಅಯೋಡಿನ್ನಿನಿಂದ ಅದನ್ನು ತುಂಬಿಸಿಡಬೇಕು. ಪೊಟ್ಯಾಸಿಯಂ ಅಯೊಡೈಡ್ ಆದರೆ ವಯಸ್ಕರಿಗೆ 130 ಮಿಲಿಗ್ರಾಂ, ಮೂರರಿಂದ ಹನ್ನೆರಡು ವರ್ಷದವರಿಗೆ ಅದರ ಅರ್ಧ, ಒಂದು ತಿಂಗಳಿಂದ ಮೂರು ವರ್ಷದವರಿಗೆ ಕಾಲು, ಹಸುಗೂಸಿಗೆ 16 ಮಿಲಿಗ್ರಾಂ. ವಿಕಿರಣದ ಮೋಡ ಬರುವ ಸ್ವಲ್ಪ ಮುಂಚೆ ಅಥವಾ ಬಂದು ಎರಡು ಗಂಟೆಯೊಳಗೆ ನುಂಗಿದರೆ ಅತಿ ಹೆಚ್ಚು ಪ್ರಯೋಜನ. ಎಂಟು ಗಂಟೆಯವರೆಗೆ ತಕ್ಕಮಟ್ಟಿಗೆ. ಒಂದು ದಿನ ಕಳೆದ ಮೇಲೆ ಪ್ರಯೋಜನಕ್ಕಿಂತ ತೊಂದರೆ ಹೆಚ್ಚು. ಸೀಸಿಯಂ, ಟ್ರಿಟಿಯಂಗಳಿಗೆ ಇದು ಮದ್ದಲ್ಲ. ಎರಡು ಗಂಟೆಯ ಔಷಧವನ್ನು ತಾಲ್ಲೂಕು ಕೇಂದ್ರದ ಕಪಾಟಿನಲ್ಲಿಟ್ಟು, ರಸ್ತೆ ಕಡಿದ ದಿನ ಹಂಚುತ್ತೇವೆಂದರೆ ಆಗುವ ಕೆಲಸವಲ್ಲ. ಪ್ರತಿ ಅಂಗನವಾಡಿ, ಪ್ರತಿ ಶಾಲೆ, ಪ್ರತಿ ಉಪಕೇಂದ್ರದಲ್ಲಿ ಎಷ್ಟು ಮಾತ್ರೆ ಇದೆ, ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಆಶಾ ಕಾರ್ಯಕರ್ತೆಯರು ನೋಡಿ ಹೇಳುವಂತಿರಬೇಕು. ವಯಸ್ಸಿಗೆ ತಕ್ಕ ಪ್ರಮಾಣದ ಚೀಟಿ ಕನ್ನಡದಲ್ಲೂ ಕೊಂಕಣಿಯಲ್ಲೂ ಡಬ್ಬಿಯ ಮೇಲೇ ಅಂಟಿರಬೇಕು. ನಿಮ್ಮ ಜಾಲತಾಣ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಕೈಗಾಕ್ಕೆ ಸಂಬಂಧಿಸಿದ ಪ್ರತಿ ಆದೇಶ, ಪ್ರತಿ ಘಟನಾ ವರದಿ ಅದೇ ದಿನ ಕನ್ನಡದಲ್ಲೂ ಬರಲಿ.

2025ರ ಬಜೆಟ್ಟಿನಲ್ಲಿ ಸರ್ಕಾರ 2047ಕ್ಕೆ 100 ಗಿಗಾವ್ಯಾಟ್ ಅಣು ವಿದ್ಯುತ್ ಎಂದು ಗುರಿ ಹೇಳಿದೆ. ಇಂದಿರುವುದು ಒಂಬತ್ತರ ಆಸುಪಾಸು. ಅಷ್ಟು ಕಟ್ಟುವವರು ಅವಸರದಲ್ಲಿರುತ್ತಾರೆ, ಅದು ಅವರ ಕೆಲಸದ ಸ್ವಭಾವ. ಮಾಹಿತಿಯನ್ನು ನಿರ್ಬಂಧಿತವೆಂದು ಸಾರುವ ಅಧಿಕಾರ ಹಳೆಯ ಕಾಯ್ದೆಯಲ್ಲಿದ್ದಂತೆ ಹೊಸದರಲ್ಲೂ ಸರ್ಕಾರದ ಕೈಯಲ್ಲಿದೆ. ಆದರೆ ನಿಮ್ಮದೇ ತಪಾಸಣಾ ವರದಿಯನ್ನು ಪ್ರಕಟಿಸಿ ಎಂದು ಕೇಳಲು ಹೊಸ ಕಾನೂನು ಬೇಕಿಲ್ಲ, ಮಂಡಳಿಯ ಒಂದು ನಿರ್ಣಯ ಸಾಕು. ಕೈಗಾ 5 ಮತ್ತು 6ರಿಂದಲೇ ಶುರುಮಾಡಿ. ಮಂಡಳಿಯ ಇಬ್ಬರು ತಪಾಸಕರನ್ನು ಕಾಮಗಾರಿ ಮುಗಿಯುವವರೆಗೂ ಅಲ್ಲೇ ನೆಲೆಗೊಳಿಸಿ. ಗುಮ್ಮಟದ ಕಾಂಕ್ರೀಟ್ ಹಾಕುವ ಮುನ್ನ ಅಡ್ಡ ಸರಳುಗಳನ್ನು ಅವರೇ ಎಣಿಸಿ ಸಹಿ ಹಾಕಲಿ, ಆ ಸಹಿಯ ಹಾಳೆ ವಾರದೊಳಗೆ ಜಾಲತಾಣದಲ್ಲಿರಲಿ. ಮೂರು ತಿಂಗಳೊಳಗೆ ಈ ಪತ್ರಕ್ಕೆ ಬರಹದಲ್ಲಿ ಉತ್ತರ ಕೊಡಬೇಕೆಂದು ಕೋರುತ್ತೇವೆ. ಒಪ್ಪದ ಬೇಡಿಕೆಗೆ ಕಾರಣ ಬರೆಯಿರಿ, ಅದನ್ನೂ ಹೀಗೇ ಬಹಿರಂಗವಾಗಿ ಬರೆಯಿರಿ.

ಇಂತಿ,
ರಿಯಾಕ್ಟರ್ ಸುರಕ್ಷತೆ, ಕಟ್ಟಡ ವಿನ್ಯಾಸ ಮತ್ತು ವಿಕಿರಣ ರಕ್ಷಣೆಯ ಕೆಲಸ ಬಲ್ಲ ಕನ್ನಡಿಗರು

ಪ್ರತಿ: ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ ಜಿಲ್ಲೆ, ಕಾರವಾರ